ಒಳಗೆ ಬಿಟ್ಟ ಬಟ್ಟೆ

ಕಂಡಕ್ಟರು ಒಂದು ಟಿಕೆಟ್ಟು ಹರಿದು ಕೊಟ್ಟು ಮುಂದಿನ ಸೀಟಿಗೆ ಹೋಗಿಬಿಟ್ಟ. ಅನೀಸಾಳ ಕೈ ಇನ್ನೂ ಅಲ್ಲೇ ನಿಂತಿತ್ತು, ಬೆರಳುಗಳ ನಡುವೆ ಇನ್ನೊಂದು ಟಿಕೆಟ್ಟಿಗಾಗುವಷ್ಟು ಚಿಲ್ಲರೆ ಹಿಡಿದುಕೊಂಡು. ಥೂ ಎಂದು ಕೈಯನ್ನು ಬುರ್ಖಾದೊಳಕ್ಕೆ ಎಳೆದುಕೊಂಡಳು. ನಾಲ್ಕು ವರ್ಷದ ಹಿಂದೆ ಇದೇ ಗುಂಡ್ಲುಪೇಟೆ-ಚಾಮರಾಜನಗರದ ಬಸ್ಸಿನಲ್ಲಿ ಒಬ್ಬ ಕಂಡಕ್ಟರು, ‘ಇಬ್ರ ಜಾಗ್ದಲ್ಲಿ ಕೂತಿದ್ದೀಯಲ್ಲಮ್ಮ, ಎರಡು ತಗೊ’ ಅಂದಿದ್ದ. ಬಸ್ಸಿಗೆ ಬಸ್ಸೇ ನಕ್ಕಿತ್ತು. ಬೀದಿಯಲ್ಲಿ ಬಾಯಿಗೆ ಹೆಸರಾದ ಹೆಂಗಸು ಅವಳು, ಸೊಪ್ಪಿನವನು ಒಂದು ಕಂತೆ ಕಡಿಮೆ ಕೊಟ್ಟರೆ ಅವನ ಏಳು ತಲೆಮಾರನ್ನು ನೆನೆಸುವವಳು, ಅವತ್ತು ತುಟಿ ಬಿಚ್ಚದೆ ಎರಡು ಟಿಕೆಟ್ಟಿನ ದುಡ್ಡು ಕೊಟ್ಟು ಕಿಟಕಿಯ ಕಡೆ ತಿರುಗಿದ್ದಳು. ಆಗ ನೂರಾಹದಿನೆಂಟು ಕೇಜಿ. ಈಗ ಅರವತ್ತೆರಡು. ಏಳು ತಿಂಗಳಿಂದ ಅರವತ್ತೆರಡೇ, ಅದಕ್ಕೊಂದು ಕಡ್ಡಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಕೈಗೆ ಯಾರು ಹೇಳಬೇಕು? ಬಸ್ಸು ಹತ್ತಿದ ಕೂಡಲೆ ಅದು ಇಬ್ಬರ ಚಿಲ್ಲರೆ ಎಣಿಸುತ್ತದೆ.

ಬಸ್ಸು ಗುಂಡಿಗೆ ಇಳಿದು ಎದ್ದಾಗ ಹೊಟ್ಟೆಯ ಚರ್ಮವೂ ಒಂದು ಗಳಿಗೆ ತಡವಾಗಿ ಇಳಿದು ಎದ್ದಿತು. ಒಳಗಿದ್ದದ್ದು ಕರಗಿ ಹೋಯಿತು, ಹೊದಿಕೆ ಮಾತ್ರ ಹಾಗೇ ಉಳಿಯಿತು; ತೊಡೆಯ ಮೇಲೆ ಮಡಿಕೆ ಬಿದ್ದು, ಬಿಚ್ಚಿಟ್ಟ ಗೋಣಿಚೀಲದ ಹಾಗೆ. ಬೇಸಿಗೆ ಬಂತೆಂದರೆ ಆ ಮಡಿಕೆಯ ಕೆಳಗೆ ಹುಣ್ಣು. ಪೌಡರು ಹಾಕಿ, ಹಳೆಯ ಪಂಚೆಯ ತುಂಡು ಸಿಕ್ಕಿಸಿ, ಅದರ ಮೇಲೆ ತಾನೇ ದಪ್ಪ ಡ್ರಿಲ್ ಬಟ್ಟೆಯಲ್ಲಿ ಹೊಲಿದುಕೊಂಡ ಪಟ್ಟಿ ಬಿಗಿದು ಹುಕ್ಕು ಹಾಕಿದರೆ ಎಂಟು ಗಂಟೆ ಹೊತ್ತು ಮಷಿನ್ನಿನ ಮುಂದೆ ಕೂರಬಹುದು. ಆ ಪಟ್ಟಿಯ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು. ಮೈಸೂರಿನಲ್ಲಿ ಅಂಥದ್ದಕ್ಕೇ ಸಾವಿರದ ಇನ್ನೂರು ಕೇಳುತ್ತಾರೆ.

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಆಗಿನಿಂದ ಅವಳ ಮುಖವನ್ನೇ ನೋಡುತ್ತಿತ್ತು. ತೆರಕಣಾಂಬಿಯ ಸಣ್ಣಮ್ಮ, ಹಳೆಯ ಗಿರಾಕಿ.

‘ಯಾರವ್ವ, ಬ್ಲೌಸ್ ಅನೀಸಮ್ಮ ಅಲ್ವಾ ನೀನು? ಯಾನವ್ವ ಇಂಗಾಗ್ಬುಟ್ಟಿದ್ದೀಯ! ಸಕ್ರ ಕಾಯ್ಲನಾ?’

‘ಕಾಯಿಲೆ ಏನಿಲ್ಲ. ನಾನೇ ಇಳಿಸಿದ್ದು.’

‘ನೀನೇ ಇಳಿಸ್ಕಂಡ್ಯಾ?’ ಸಣ್ಣಮ್ಮ ನಂಬಲಿಲ್ಲ. ‘ಯಾಕ? ಮನೇಲಿ ಊಟಕ್ಕ ಇತ್ತಲ್ಲ?’

ಅನೀಸಾಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. ಮೂರು ವರ್ಷ ಬೆಳಗಾಗುವ ಮುಂಚೆ ಊಟಿ ರಸ್ತೆಯಲ್ಲಿ ನಡೆದದ್ದು, ಬಿರಿಯಾನಿ ಬಡಿಸಿ ತಾನು ಸೌತೆಕಾಯಿ ಕಡಿದದ್ದು, ಅದನ್ನೆಲ್ಲ ಇವಳಿಗೆ ಹೇಗೆ ಹೇಳುವುದು? ಊರಲ್ಲಿ ಟೀಬಿ ಅಂದವರಿದ್ದರು. ಅದಕ್ಕಿಂತ ಹೊಲಸು ಕಾಯಿಲೆಯ ಹೆಸರು ಹೇಳಿ ಬಟ್ಟೆ ವಾಪಸ್ಸು ತೆಗೆದುಕೊಂಡು ಹೋದವರೂ ಇದ್ದರು.

‘ಓಗ್ಲಿ ಬುಡು,’ ಸಣ್ಣಮ್ಮ ಸಮಾಧಾನ ಮಾಡಿತು. ‘ಮೈ ಅಂದ್ಮೇಲ ವಾಪಸ್ ಬಂದೇ ಬತ್ತದ. ನಿನ್ ಹಳೇ ಬಟ್ಟನೆಲ್ಲ ಮಡಿಕಂಡಿರು, ಎಸೀಬ್ಯಾಡ. ನೀನು ಒಳಗ ಬಟ್ಟ ಬುಟ್ಟು ಹೊಲ್ಕೊಟ್ಟಿದ್ಯಲ್ಲ, ನನ್ ಮಗಳು ಎರಡು ಹೆತ್ತಾದ್ಮೇಲೂ ಅದನ್ನೇ ಬಿಚ್ಚಿ ಹಾಕ್ಕತಾಳ ಕನವ್ವ!’

ಅದೇ ಅವಳ ಹೆಸರು, ಅದೇ ಅವಳ ಅನ್ನ. ಬೇರೆಯವರು ಅರ್ಧ ಇಂಚು ಬಿಟ್ಟು ಕತ್ತರಿಸಿ ಎಸೆಯುವ ಕಡೆ ಅನೀಸಾ ಎರಡು ಇಂಚು ಒಳಗೆ ಮಡಿಚಿ ಹೊಲಿಯುತ್ತಿದ್ದಳು. ಹೆಣ್ಣುಮಗಳ ಮೈ ಇವತ್ತಿನ ಹಾಗೆ ನಾಳೆ ಇರುವುದಿಲ್ಲ, ಬಟ್ಟೆ ಕೊಂಡವಳಿಗೆ ಎರಡು ಸಲ ಕೊಳ್ಳುವ ಗತಿ ಇರುವುದಿಲ್ಲ. ಹೊಲಿಗೆ ಕಲಿಸಿದ ಚಿಕ್ಕಮ್ಮ ಮೊದಲ ದಿನವೇ ಹೇಳಿದ್ದಳು, ಕತ್ತರಿಸಿದ್ದನ್ನು ಅಲ್ಲಾ ಕೂಡ ಜೋಡಿಸಿ ಕೊಡುವುದಿಲ್ಲ, ಮಡಿಚಿಡು ಅಂತ. ಇಪ್ಪತ್ತೆರಡು ವರ್ಷ ಮಡಿಚಿಟ್ಟಿದ್ದಳು. ತೆರಕಣಾಂಬಿ ಬಂತು. ಸಣ್ಣಮ್ಮ ಬುಟ್ಟಿ ಎತ್ತಿಕೊಂಡು, ‘ಉಣ್ಣು ಕನವ್ವ, ಮೊಕ ಬತ್ತೋಗದ’ ಅನ್ನುತ್ತ ಇಳಿದುಹೋಯಿತು.

ಅನೀಸಾ ಚೀಲದಿಂದ ಅಳತೆ ಪುಸ್ತಕ ತೆಗೆದಳು. ಗಿರಾಕಿಗಳ ಎದೆ, ತೋಳು, ಸೊಂಟದ ಅಂಕಿಗಳ ಹಿಂದೆ ಕೊನೆಯ ಹಾಳೆಯಲ್ಲಿ ಅವಳದೇ ಲೆಕ್ಕ, ಜೋತುಬಿದ್ದ ಚರ್ಮ ತೆಗೆಸುವುದಕ್ಕೆ. ಆಪರೇಶನ್ ಮಾಡುವ ಡಾಕ್ಟರಿಗೆ ಇಪ್ಪತ್ತೈದು ಸಾವಿರ. ಅರಿವಳಿಕೆಯವರಿಗೆ ಐದು. ಥಿಯೇಟರಿಗೆ ಎಂಟು. ನಾಲ್ಕು ದಿನದ ರೂಮು, ಔಷಧಿ, ರಕ್ತ ಬೇಕಾದರೆ ರಕ್ತ. ಮೈಸೂರಿಗೆ ಓಡಾಟ. ಆಮೇಲೆ ಯಾವ ಡಾಕ್ಟರೂ ಬರೆದುಕೊಡದ ಖರ್ಚು: ಆರು ವಾರ ಮಷಿನ್ನು ತುಳಿಯುವ ಹಾಗಿಲ್ಲ, ಆ ಆರು ವಾರ ಮನೆ ನಡೆಯಬೇಕು, ಒಂಬತ್ತು ಸಾವಿರ. ಒಟ್ಟು ಅರವತ್ತಾರೂವರೆ. ಹೊಟ್ಟೆಗೆ ಬಿಗಿಯುವ ಪಟ್ಟಿಯ ಸಾವಿರದ ಇನ್ನೂರನ್ನು ಅವಳೇ ಗೀಟು ಎಳೆದು ಹೊಡೆದುಹಾಕಿದ್ದಳು, ತನ್ನದಿದೆಯಲ್ಲ ಎಂದು. ಪೋಸ್ಟಾಫೀಸಿನಲ್ಲಿ ಐವತ್ತು. ಸೀರೆಯ ಅಂಚು ಹೊಲಿಯುವ ಪೀಕೋ ಮಷಿನ್ನು ಮಾರಿ ಬಂದದ್ದು ಒಂಬತ್ತೂವರೆ. ಅದಿದ್ದ ಜಾಗದಲ್ಲಿ ಈಗ ನೆಲದ ಮೇಲೆ ನಾಲ್ಕು ತುಕ್ಕಿನ ಕಲೆ. ಉಳಿದ ಏಳು ಸಾವಿರ ಮೇ ತಿಂಗಳ ಮದುವೆ ಬ್ಲೌಸುಗಳದ್ದು. ಸಾಲ ಒಂದು ಪೈಸೆ ಇಲ್ಲ. ತಿಂಗಳೂ ಅವಳೇ ಹುಡುಕಿ ಇಟ್ಟಿದ್ದಳು. ಆಷಾಢದಲ್ಲಿ ಹಿಂದೂಗಳ ಮದುವೆಯಿಲ್ಲ, ಟೈಲರುಗಳು ನೊಣ ಹೊಡೆಯುತ್ತಾರೆ. ಆಗ ಮಲಗಿದರೆ ಗೌರಿ ಹಬ್ಬದ ಹೊತ್ತಿಗೆ ಎದ್ದು ಕೂರಬಹುದು, ರಂಜಾನಿನ ಬಟ್ಟೆಗೆ ಮೊದಲಿನ ಹಾಗೆ ಕೈಯಾಡುತ್ತದೆ. ಆಷಾಢ ತಪ್ಪಿದರೆ ಮುಂದಿನ ವರ್ಷ. ಮುಂದಿನ ವರ್ಷದವರೆಗೆ ಐವತ್ತು ಸಾವಿರ ಯಾವ ಮನೆಯಲ್ಲಿ ಕೂತಿರುತ್ತದೆ? ಮಳೆಗೆ ಒಂದು ಗೋಡೆ ಬೀಳುತ್ತದೆ, ಯಾರಿಗೋ ಜ್ವರ ಬರುತ್ತದೆ, ಮುಗಿಯಿತು.

ಗಂಡ ಅಬ್ದುಲ್ ಜಬ್ಬಾರ್ ಹಾಸಿಗೆ ಹೊಲಿಯುವವನು, ಹತ್ತಿಯ ಧೂಳಿನಲ್ಲಿ ದಿನವೆಲ್ಲ ಕೆಮ್ಮುವವನು. ಮೂರು ತಿಂಗಳ ಹಿಂದೆ ಲೆಕ್ಕ ಕೇಳಿ, ‘ಕಣ್ಣಿಗೆ ಕಾಣದೇ ಇರೋದಕ್ಕೆ ಇಷ್ಟು ದುಡ್ಡಾ?’ ಅಂದಿದ್ದ. ಅಷ್ಟೇ ಅಂದದ್ದು. ‘ಯಾರ ಕಣ್ಣಿಗೆ? ನೀವು ಬೆಳಕಲ್ಲಿ ಒಂದು ದಿನ ನೋಡಿದ್ದೀರಾ?’ ಎಂದು ಅವಳು ಕೂಗಿದ್ದು ಆಚೆ ಬೀದಿಗೆ ಕೇಳಿಸಿತ್ತು. ಅವನು ಅಂಗಡಿಗೆ ಹೋಗಿ ಸಂಜೆಯವರೆಗೆ ಹತ್ತಿ ಬಡಿದಿದ್ದ. ಅಂದಿನಿಂದ ಆ ಮಾತು ಮನೆಯಲ್ಲಿಲ್ಲ. ಹಾಗೆ ನೋಡಿದರೆ ಅವಳ ಬಾಯಿಯೂ ಕೈಯೂ ಯಾವಾಗಲೂ ಹೊಡೆಯಬಾರದ ಕಡೆಯೇ ಹೊಡೆಯುವುದು. ಮಗಳು ನಾಜ್ನೀನ್ ಎಂಟನೇ ಕ್ಲಾಸಿನಲ್ಲಿದ್ದಾಗ ಮರೆತು ಬಿಟ್ಟುಹೋದ ಊಟದ ಡಬ್ಬಿ ಹಿಡಿದು ಸ್ಕೂಲಿನ ಗೇಟಿಗೆ ಹೋಗಿದ್ದಳು. ಏದುಸಿರು, ಕಂಕುಳಲ್ಲಿ ಬೆವರು. ಹುಡುಗಿಯರು ಕಿಸಕ್ಕೆಂದರು. ಮಗಳು ಡಬ್ಬಿ ಇಸಿದುಕೊಂಡು, ಗೆಳತಿ ಕೇಳಿದ್ದಕ್ಕೆ, ‘ನಮ್ಮ ಬೀದಿಯವರು’ ಅಂದಳು. ಸಂಜೆ ಅನೀಸಾ ಅವಳನ್ನು ಅಳತೆಯ ಮರದ ಸ್ಕೇಲಿನಿಂದ ಹೊಡೆದಿದ್ದಳು. ಒಂದು, ಎರಡು, ಸ್ಕೇಲು ಮುರಿಯುವವರೆಗೆ. ಮಗಳು ಅಳುವ ಬದಲು, ‘ಇನ್ನೇನು ಹೇಳಲಿ ಅಮ್ಮೀ?’ ಅಂದಿತ್ತು. ಆ ಮಗು ಈಗ ಪಿಯುಸಿ. ಮುರಿದ ಸ್ಕೇಲಿನ ಅರ್ಧ ಇನ್ನೂ ಮಷಿನ್ನಿನ ಡ್ರಾಯರಿನಲ್ಲಿದೆ, ಸಣ್ಣ ಅಳತೆಗಳಿಗೆ ಆಗುತ್ತದೆ ಅಂತ. ಅವಳು ಏನನ್ನೂ ಎಸೆಯುವುದಿಲ್ಲ.

ಚಾಮರಾಜನಗರದ ನರ್ಸಿಂಗ್ ಹೋಮಿಗೆ ಮೈಸೂರಿನ ಡಾಕ್ಟರು ತಿಂಗಳ ಮೊದಲ ಗುರುವಾರ ಬರುವುದು. ಬೆಂಚಿನಲ್ಲಿ ಕೂತವರೆಲ್ಲ ಒಬ್ಬರನ್ನೊಬ್ಬರು ನೋಡಿ ಕಾಯಿಲೆ ಊಹಿಸುತ್ತಿದ್ದರು: ಸೀಳುತುಟಿಯ ಕೂಸು, ಸೀಮೆಎಣ್ಣೆ ಒಲೆಯಲ್ಲಿ ಕುತ್ತಿಗೆ ಸುಟ್ಟುಕೊಂಡ ಹೆಂಗಸು. ಅನೀಸಾಳನ್ನು ನೋಡಿ ಯಾರಿಗೂ ಏನೂ ಹೊಳೆಯಲಿಲ್ಲ. ಆ ಸುಟ್ಟ ಕುತ್ತಿಗೆಯ ಮುಂದೆ ತನ್ನದೂ ಒಂದು ಕಾಯಿಲೆಯೇನು ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಅನ್ನಿಸಿದ್ದಕ್ಕೇ ಸಿಟ್ಟು ಬಂತು. ಉರಿ ಅವರದೇ ಏನು? ನಾನೂ ರಾತ್ರಿಯೆಲ್ಲ ಮೊಣಕಾಲು ಮಡಿಚಿಕೊಂಡು, ಚರ್ಮಕ್ಕೆ ಚರ್ಮ ತಾಗದ ಹಾಗೆ ಮಲಗುತ್ತೇನೆ. ಇದನ್ನು ಕೇಳಲು ಬಂದದ್ದು ಭಿಕ್ಷೆಯಲ್ಲ. ನನ್ನ ದುಡ್ಡು.

ಒಳಗೆ ಪರದೆಯ ಹಿಂದೆ ಬಟ್ಟೆ ಸಡಿಲಿಸಲು ಬಂದದ್ದು ಆಯಾ ದೊಡ್ಡಮಲ್ಲಮ್ಮ, ಸಂತೆಮರಹಳ್ಳಿ ಕಡೆಯ ಗಟ್ಟಿ ಮುದುಕಿ. ಚರ್ಮದ ಮಡಿಕೆಯನ್ನು ಎರಡೂ ಕೈಯಲ್ಲಿ, ತೊಳೆಯಲು ಹಾಕಿದ ಒದ್ದೆ ಕಂಬಳಿ ಎತ್ತುವ ಹಾಗೆ ಎತ್ತಿ ಹಿಡಿದಳು. ಅನೀಸಾ ಫ್ಯಾನಿನ ರೆಕ್ಕೆ ಎಣಿಸಿದಳು. ಮೂರು. ಮತ್ತೆ ಎಣಿಸಿದಳು. ಮೂರೇ.

ಡಾಕ್ಟರು ಬಂದು ಹಳೆಯ ಚೀಟಿಗಳನ್ನು ನೋಡಿ, ‘ಏಳು ತಿಂಗಳಿಂದ ತೂಕ ಒಂದೇ ಇದೆ, ಭೇಷ್’ ಅಂದರು. ಆಮೇಲೆ ಎಲ್ಲಿಂದ ಎಲ್ಲಿಗೆ ಕತ್ತರಿಸುವುದು ಅಂತ ತೋರಿಸಲು ಅವಳನ್ನು ನಿಲ್ಲಿಸಿ, ನೇರಳೆ ಬಣ್ಣದ ಪೆನ್ನಿನಿಂದ ಈ ಸೊಂಟದಿಂದ ಆ ಸೊಂಟಕ್ಕೆ ಒಂದು ಗೆರೆ ಎಳೆದರು. ಟೇಪು ಇಲ್ಲ, ಸ್ಕೇಲಿಲ್ಲ, ಬರಿಗೈ. ಎದುರಿನ ಕನ್ನಡಿಯಲ್ಲಿ ಅನೀಸಾ ತನ್ನನ್ನು ನೋಡಿಕೊಳ್ಳಬಾರದು ಎಂದುಕೊಂಡಿದ್ದವಳು ಗೆರೆಯನ್ನು ನೋಡಿದಳು. ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

‘ಸಾರ್, ಎಡಗಡೆ ಅರ್ಧ ಇಂಚು ಕೆಳಗೆ ಬಂದಿದೆ.’

‘ಏನು?’

‘ಗೆರೆ. ಸೊಟ್ಟ ಇದೆ. ಹೀಗೆ ಕತ್ತರಿಸಿದರೆ ಎಡಗಡೆ ಸುಕ್ಕು ಬೀಳುತ್ತೆ.’

ದೊಡ್ಡಮಲ್ಲಮ್ಮ ಬಾಯಿಗೆ ಸೆರಗು ಹಿಡಿದಳು. ಡಾಕ್ಟರು ನಗಲಿಲ್ಲ. ಜೇಬಿನಿಂದ ಟೇಪು ತೆಗೆದು ಎರಡೂ ಕಡೆ ಅಳೆದರು, ಹೊಕ್ಕುಳಿಂದ ಮತ್ತೊಮ್ಮೆ ಅಳೆದರು. ‘ಅರ್ಧ ಇಲ್ಲ, ಕಾಲು ಇಂಚು,’ ಅಂದರು. ‘ಟೈಲರಾ ನೀವು?’ ಅವಳ ಮೈಯಲ್ಲಿ ಬಹಳ ದಿನದ ಮೇಲೆ ಒಂದು ಬಿಸಿ ಹರಿಯಿತು. ಕನ್ನಡಿಯಲ್ಲಿ ನಿಂತಿದ್ದದ್ದು ಈಗ ನಾಚಿಕೆಯಲ್ಲ. ಗೆರೆ ಹಾಕಿದ ಬಟ್ಟೆ. ಕತ್ತರಿಸಬಹುದು, ಕೂಡಿಸಬಹುದು. ಅಷ್ಟೇ ಕೆಲಸ.

ಆ ಬಿಸಿ ಎರಡು ನಿಮಿಷ ಇತ್ತೋ ಇಲ್ಲವೋ. ಡಾಕ್ಟರು ಬಗ್ಗಿ ಮಡಿಕೆಯ ಕೆಳಗೆ ನೋಡಿ ನೆಟ್ಟಗಾದರು.

‘ಹುಣ್ಣು ಹೀಗಿರುವಾಗ ನಾನು ಕತ್ತಿ ಇಡೋದಿಲ್ಲಮ್ಮ. ಒಳಗೆ ಕೀವಾದರೆ ಹೊಲಿಗೆ ನಿಲ್ಲಲ್ಲ. ಪೂರ್ತಿ ಮಾಗಬೇಕು. ಮುಂದಿನ ತಿಂಗಳು ಬನ್ನಿ, ಮಾಗಿದ್ದರೆ ಅದರ ಮುಂದಿನ ಸೋಮವಾರವೇ ಮೈಸೂರಿನಲ್ಲಿ ಮಾಡೋಣ. ಇಲ್ಲದಿದ್ದರೆ ಮುಂದಕ್ಕೆ.’

‘ಮುಂದಕ್ಕೆ ಅಂದರೆ ಆಗಲ್ಲ ಸಾರ್. ಮುಂದಕ್ಕೆ ನನ್ನ ಹತ್ತಿರ ಆಷಾಢ ಇಲ್ಲ.’

ಅವರಿಗೆ ಅರ್ಥವಾಗಲಿಲ್ಲ. ಆಗಲೇ ದೊಡ್ಡಮಲ್ಲಮ್ಮ ಕುರ್ಚಿಯ ಮೇಲಿದ್ದ ಡ್ರಿಲ್ ಪಟ್ಟಿಯನ್ನು ಎತ್ತಿ, ಒಳಮೈ ಸವರಿ ನೋಡಿದ್ದು.

‘ಯಾನವ್ವ ಇದು? ಒಳಗ ಹಗ್ಗ ಇಟ್ಟು ಹೊಲ್ದದ?’

‘ಹಗ್ಗ ಅಲ್ಲ. ಬಟ್ಟೆ.’

‘ಇಷ್ಟ್ ದಪ್ಪ ಬಟ್ಟನಾ? ಯಾರು ಹೊಲ್ದೋರು ಈ ದರಿದ್ರನ? ಕೈ ಮುರಿಯ!’

ಡಾಕ್ಟರು ಪಟ್ಟಿಯನ್ನು ಇಸಿದುಕೊಂಡು ಒಳಗೆ ಉಬ್ಬಿದ ಏಣುಗಳ ಮೇಲೆ ಬೆರಳಾಡಿಸಿದರು, ಆಮೇಲೆ ಅವಳ ಚರ್ಮದ ಕಡೆ ತೋರಿಸಿದರು. ತೋರಿಸಬೇಕಾಗಿರಲಿಲ್ಲ. ಅವಳು ಕನ್ನಡಿಯಲ್ಲಿ ಆಗಲೇ ನೋಡಿಯಾಗಿತ್ತು. ಪಟ್ಟಿಯಲ್ಲಿ ನಾಲ್ಕು ಏಣು. ಚರ್ಮದ ಮೇಲೆ ನಾಲ್ಕು ಕೆಂಪು ಗೆರೆ, ಅದೇ ಅಂತರ, ಅದೇ ಉದ್ದ. ಗೆರೆ ಹಾದುಹೋದ ಕಡೆಯೆಲ್ಲ ಹುಣ್ಣು. ಮೈ ಇಳಿದ ಹಾಗೆ ನಾಲ್ಕು ಸಲ ಅವಳು ಪಟ್ಟಿಯನ್ನು ಕಿರಿದು ಮಾಡಿದ್ದಳು. ನಾಲ್ಕು ಸಲವೂ ಹೆಚ್ಚಾದದ್ದನ್ನು ಕತ್ತರಿಸದೆ, ಒಂದರ ಮೇಲೊಂದು ಮಡಿಚಿ ಒಳಗೇ ಹೊಲಿದಿದ್ದಳು. ವಾಪಸ್ಸು ಬಂದರೆ ಬಿಚ್ಚಬಹುದು ಅಂತ. ಬಿಸಿಲು ಅಂದುಕೊಂಡಿದ್ದಳು, ಬೆವರು ಅಂದುಕೊಂಡಿದ್ದಳು, ಅಲ್ಲಾ ಕೊಟ್ಟ ಶಿಕ್ಷೆ ಅಂತಲೂ ಒಂದೊಂದು ದಿನ ಅಂದುಕೊಂಡಿದ್ದಳು.

‘ಹೊಲಿದವಳು ನಾನೇ,’ ಅಂದಳು.

ದೊಡ್ಡಮಲ್ಲಮ್ಮ ನಾಲಗೆ ಕಚ್ಚಿಕೊಂಡು, ‘ಓಗ್ಲಿ ಬುಡವ್ವ, ನಾ ಯಾನೋ ಅಂದ್ಬುಟ್ಟೆ’ ಎಂದು ಅವಳ ಬೆನ್ನು ಸವರಿದಳು. ಬೈದದ್ದಕ್ಕಿಂತ ಆ ಸವರಿದ್ದೇ ಹೆಚ್ಚು ಉರಿಯಿತು.

ವಾಪಸ್ಸು ಬರುವ ಬಸ್ಸಿನಲ್ಲಿ ಪಟ್ಟಿ ಚೀಲದಲ್ಲಿತ್ತು. ಬರಿಯ ಬಟ್ಟೆಯ ತುಂಡು ಸಿಕ್ಕಿಸಿ, ಮಡಿಕೆಯನ್ನು ಬುರ್ಖಾದ ಮೇಲಿಂದ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು, ಮಗುವನ್ನು ಕೂರಿಸಿಕೊಂಡ ಹಾಗೆ. ಯಾರ ಮೇಲೆ ಸಿಟ್ಟು ಮಾಡುವುದು? ಕಲಿಸಿದ ಚಿಕ್ಕಮ್ಮ ಮಣ್ಣಿಗೆ ಹೋಗಿ ಹತ್ತು ವರ್ಷ. ಸಣ್ಣಮ್ಮನ ಮೇಲೆ ಹರಿಹಾಯೋಣವೆಂದರೆ ಪಾಪ, ಅದು ಅಂದದ್ದನ್ನು ತಾನು ಮೂರು ವರ್ಷದಿಂದ ದಿನಾ ಬೆಳಿಗ್ಗೆ ಹುಕ್ಕು ಹಾಕುವಾಗ ಅಂದುಕೊಂಡಿದ್ದಳು. ಬೆಳಗಾಗುವ ಮುಂಚೆ ನಡೆದವಳೂ ನಾನೇ, ನಡೆದು ಬಂದು ಆ ನೂರಾಹದಿನೆಂಟು ಕೇಜಿಯವಳಿಗೆ ಒಳಗೆ ಜಾಗ ಕಾದಿರಿಸಿದವಳೂ ನಾನೇ. ಅವಳು ಬಂದರೆ ಬೈದಾಳು ಅನ್ನುವ ಹಾಗೆ. ಕಂಡಕ್ಟರು ಬಂದ. ‘ಒಂದು ಗುಂಡ್ಲುಪೇಟೆ,’ ಅಂದಳು, ಅವನು ಬೆಚ್ಚಿಬೀಳುವಷ್ಟು ಗಟ್ಟಿಯಾಗಿ. ಒಂದಕ್ಕಾಗುವ ಚಿಲ್ಲರೆ ಮೊದಲೇ ಎಣಿಸಿ ಹಿಡಿದಿದ್ದಳು.

ಮನೆಗೆ ಬಂದಾಗ ಇಳಿಹೊತ್ತಿನ ಅಸರ್ ನಮಾಜು ಮುಗಿದು ಜಬ್ಬಾರ್ ಅಂಗಡಿಗೆ ಹೋಗುವ ಮುಂಚೆ ಚಹಾ ಕುಡಿಯುತ್ತ ಕೂತಿದ್ದ. ಅವನನ್ನು ದಾಟಿ ಹೋಗಿ ಮಷಿನ್ನಿನ ಪಕ್ಕ ನೆಲದ ಮೇಲೆ ಕೂತಳು. ಬ್ಲೇಡು ತೆಗೆದು ಪಟ್ಟಿಯ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು. ಮಡಿಚಿಟ್ಟದ್ದು ಬಿಡಿಸಿಕೊಂಡು ಬಂತು, ಒಳಗಿನ ಕಡೆ ಇನ್ನೂ ಹೊಸ ಬಟ್ಟೆಯ ಬಣ್ಣ. ದೊಡ್ಡ ಕತ್ತರಿ ಎತ್ತಿಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಕತ್ತರಿಸಿದ ಕೈಯಲ್ಲ. ಮೊದಲ ಸಲ ಕತ್ತರಿಯ ಬಾಯಿ ತೆರೆದು ಹಾಗೇ ನಿಂತಿತು. ಆಮೇಲೆ ಕಚಕ್ ಅಂತ ಹೋಯಿತು. ಪಟ್ಟಿ ಮುಗಿಯಿತು. ಎದ್ದು ಹೋಗಿ ಪೆಟ್ಟಿಗೆಯಿಂದ ತನ್ನ ಐದು ಬ್ಲೌಸು, ಮೂರು ಲಂಗ ತಂದಳು. ಅವುಗಳ ಒಳಗಿನದನ್ನೂ ಬಿಚ್ಚಿ ಕತ್ತರಿಸತೊಡಗಿದಳು.

ಜಬ್ಬಾರ್ ಲೋಟ ಹಿಡಿದುಕೊಂಡೇ ನೋಡುತ್ತಿದ್ದ. ‘ಅಷ್ಟು ಕತ್ತರಿಸಿದರೆ ಆಮೇಲೆ ಬಿಚ್ಚೋಕೆ ಏನೂ ಉಳಿಯಲ್ಲ,’ ಅಂದ.

‘ಉಳಿಯೋದು ಬೇಡ.’

ಅವನು ಎದ್ದು ಬಂದು ಕುಕ್ಕರುಗಾಲಿನಲ್ಲಿ ಕೂತು, ಬಿದ್ದಿದ್ದ ಪಟ್ಟೆಗಳನ್ನು ಒಟ್ಟುಗೂಡಿಸಿದ. ಹತ್ತಿ ತೂಗುವ ಅಭ್ಯಾಸದ ಕೈ, ಒಮ್ಮೆ ಎತ್ತಿ ಇಳಿಸಿ ನೋಡಿತು.

‘ಕಾಲು ಕೇಜಿ ಇದೆ.’

‘ಅದನ್ನೂ ನನ್ನ ತೂಕದಲ್ಲಿ ಕಳೆದುಬಿಡಿ.’

ಅವನಿಗೆ ನಗು ಬಂದು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, ಪಟ್ಟೆಗಳನ್ನು ಸುತ್ತುತ್ತ, ಅವಳ ಕಡೆ ನೋಡದೆ, ‘ಡಾಕ್ಟರು ಏನಂದರು?’ ಎಂದ. ಮೂರು ತಿಂಗಳ ಮೇಲೆ. ಅವಳು ಹೇಳಿದಳು: ಹುಣ್ಣು, ಐದು ವಾರ, ಮಾಗಿದರೆ ಆ ಸೋಮವಾರ. ಹುಣ್ಣು ಯಾಕಾಯಿತು ಅನ್ನುವುದನ್ನೂ ನುಂಗದೆ ಹೇಳಿದಳು. ಅವನು ಪಟ್ಟೆಗಳ ಸುತ್ತಿಗೆ ಗಂಟು ಹಾಕಿದ. ಈಗ ಏನಾದರೂ ಅಂದರೆ ಕತ್ತರಿಯನ್ನೇ ಬೀಸುತ್ತೇನೆ ಎಂದುಕೊಂಡಳು.

‘ಸೋಮವಾರ ಅಂದರೆ ಭಾನುವಾರವೇ ಹೋಗಬೇಕು. ಎಷ್ಟು ದಿನ ಅಂಗಡಿ ಮುಚ್ಚಬೇಕು ನಾನು?’

‘ನೀವಾ?’

‘ಮತ್ತೆ? ಒಬ್ಬಳೇ ಮಲಗಿರ್ತೀಯಾ ಅಲ್ಲಿ? ಎಬ್ಬಿಸಿ ಕೂರಿಸೋರು ಯಾರು?’

ಅನೀಸಾ ಅಳತೆ ಪುಸ್ತಕ ತೆರೆದಳು. ಅರಿವಳಿಕೆಯವರಿದ್ದರು, ರಕ್ತವಿತ್ತು, ಬಸ್ ಚಾರ್ಜು ಎಂಟಾಣೆ ಬಿಡದೆ ಇತ್ತು. ಹತ್ತಿರ ಕೂರುವವನಿಗೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಬರುತ್ತೀರಾ ಎಂದು ಅವಳು ಕೇಳಿರಲೂ ಇಲ್ಲ, ಬರುತ್ತೇನೆ ಅನ್ನಲು ಅವನಿಗೆ ಬಿಟ್ಟಿರಲೂ ಇಲ್ಲ. ಅವನು ಬೆಳಕಲ್ಲಿ ನೋಡಲಿಲ್ಲ ಎಂದು ಕೂಗಿದವಳು ಯಾವತ್ತು ದೀಪ ಆರಿಸದೆ ಬಟ್ಟೆ ಬದಲಾಯಿಸಿದ್ದಳು? ಕಣ್ಣು ಉರಿಯಿತು. ಅಳಲು ಹೊತ್ತಿರಲಿಲ್ಲ. ಪೆನ್ಸಿಲು ತೆಗೆದುಕೊಂಡು, ಗೀಟು ಹೊಡೆದಿದ್ದ ಪಟ್ಟಿಯ ಸಾವಿರದ ಇನ್ನೂರನ್ನು ಮತ್ತೆ ಬರೆದಳು. ಈ ಸಲ ಡಾಕ್ಟರು ಹೇಳಿದ್ದೇ, ಒಳಗೆ ಏಣಿಲ್ಲದ್ದು. ಅದರ ಕೆಳಗೆ ಬರೆದಳು: ಜಬ್ಬಾರ್, ಐದು ದಿನ, ದಿನಕ್ಕೆ ನೂರೈವತ್ತು.

‘ಬರೀಬೇಕಾ ಅದನ್ನ?’ ಅಂದ ಅವನು.

‘ಬರೀಬೇಕು. ಬರೆಯದೇ ಇದ್ದದ್ದೇ ತಪ್ಪು.’

ಸಾವಿರದ ಒಂಬೈನೂರ ಐವತ್ತು ಕಡಿಮೆ ಬಿತ್ತು. ಬ್ಲೌಸಿಗೆ ಐವತ್ತು ರೂಪಾಯಿ. ಮೂವತ್ತೊಂಬತ್ತು ಬ್ಲೌಸು. ಆಷಾಢ ಹುಟ್ಟಲು ಇನ್ನು ಇಪ್ಪತ್ತೈದು ದಿನ. ಜಬ್ಬಾರ್ ಪಟ್ಟೆಗಳ ಸುತ್ತನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಹೊರಟ. ಯಾವುದೋ ದಿಂಬಿನೊಳಗೆ ಹೋಗುತ್ತವೆ, ಹೋಗಲಿ. ಅವಳು ಡ್ರಾಯರು ಎಳೆದಳು, ಮುರಿದ ಸ್ಕೇಲಿನ ಅರ್ಧ ಕೈಗೆ ಸಿಕ್ಕಿತು. ಅದನ್ನು ತೆಗೆದು ಕಸದ ಬುಟ್ಟಿಗೆ ಹಾಕಿದಳು. ಆಮೇಲೆ ಮಡಿಕೆಯ ಕೆಳಗೆ ಒಣಗಿದ ಹೊಸ ಬಟ್ಟೆ ಸಿಕ್ಕಿಸಿಕೊಂಡು, ಚರ್ಮವನ್ನು ತೊಡೆಯ ಮೇಲೆ ಸರಿಯಾಗಿ ಇಳಿಬಿಟ್ಟು, ಮಷಿನ್ನಿನ ಮುಂದೆ ಕೂತಳು. ರಾಶಿಯ ಮೇಲಿದ್ದದ್ದು ಚಂದಕವಾಡಿಯ ಒಬ್ಬ ಹೊಸ ಮದುವಣಗಿತ್ತಿಯ ಹಸಿರು ಬ್ಲೌಸು. ಎದೆ ಮೂವತ್ತೆರಡು. ಗೆರೆ ಎಳೆದು, ಒಳಗೆ ಎರಡು ಇಂಚು ಬಿಟ್ಟಳು. ಅದು ಆ ಹುಡುಗಿಯ ಮೈ. ಕತ್ತರಿ ಹಾಕಿ, ಹೊಲಿಯಲು ಶುರು ಮಾಡಿದಳು. ಒಂದು.